ಹಲ್ಲಿನ ಪದರ, ಅಂಡಾಶಯದ ಕಲೆ

ಸಂತೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮರದ ವಯಸ್ಸನ್ನು ಅದರ ಕಾಂಡದ ಉಂಗುರಗಳು ಹೇಳುತ್ತವೆ. ಆದರೆ ವರ್ಷದ ಬಹುಭಾಗವನ್ನು ನಡುಗಡಲಿನಲ್ಲಿ ಕಳೆಯುವ ಸಸ್ತನಿಯೊಂದು ಎಷ್ಟನೆಯ ವಯಸ್ಸಿನಲ್ಲಿ ತಾಯಿಯಾಗುತ್ತದೆ, ಎಷ್ಟು ವರ್ಷಕ್ಕೊಮ್ಮೆ ಈಯುತ್ತದೆ ಎಂಬುದನ್ನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಹುಟ್ಟುವುದಕ್ಕಿಂತ ಹೆಚ್ಚು ಪ್ರಾಣಿಗಳನ್ನು ಕೊಲ್ಲುತ್ತ ಹೋದರೆ ಸಂತತಿ ಅಳಿಯುವುದು ನಿಶ್ಚಯ. ಎಷ್ಟು ಹುಟ್ಟುತ್ತವೆಂಬುದೇ ತಿಳಿಯದಿದ್ದಲ್ಲಿ, ಎಷ್ಟು ಕೊಂದರೆ ಹೆಚ್ಚಾಯಿತೆಂದು ಹೇಳುವವರಾರು? ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಮೈಟ್‌ಲ್ಯಾಂಡ್ ಲಾಸ್ (೧೯೨೬–೨೦೧೪) ಈ ಲೆಕ್ಕದ ಬೆನ್ನು ಹತ್ತಿ ಹೋದವರು.

ಕೇಂಬ್ರಿಜ್ಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಿ ಮುಗಿಸಿದ ತರುಣ ಲಾಸ್, ೧೯೪೮ರಿಂದ ಎರಡು ವರ್ಷ ಅಂಟಾರ್ಕ್ಟಿಕದ ಅಂಚಿನ ಸಿಗ್ನಿ ದ್ವೀಪದಲ್ಲಿ ಬೆರಳೆಣಿಕೆಯ ಸಂಗಡಿಗರೊಡನೆ ವಾಸವಾಗಿದ್ದರು. ೧೯೫೧ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೋದರು. ಅಲ್ಲಿ ಅವರು ಅಭ್ಯಸಿಸಿದ್ದು ಆನೆ-ಸೀಲ್ ಎಂಬ ದೈತ್ಯ ಪ್ರಾಣಿಯನ್ನು. ಇದರ ಗಂಡು ಮೂರು ಟನ್ನಿಗೂ ಹೆಚ್ಚು ತೂಗಬಲ್ಲದು. ಅದರ ಕೋರೆಹಲ್ಲನ್ನು ಅಡ್ಡಲಾಗಿ ಕೊಯ್ದು ನೋಡಿದಾಗ, ದಂತದ್ರವ್ಯದಲ್ಲಿ ಒಂದರೊಳಗೊಂದು ಪದರಗಳು ಕಂಡುಬಂದವು. ಪ್ರಾಣಿಯು ಕಡಲಿನಲ್ಲಿ ಉಂಡು ತಿರುಗುವಾಗ ಒಂದು ಬಗೆಯ ಪದರ, ದಡದ ಮೇಲೆ ಉಪವಾಸವಿರುವಾಗ ಇನ್ನೊಂದು ಬಗೆ. ಉಪವಾಸದ ಕಾಲ ವರ್ಷವರ್ಷವೂ ತಪ್ಪದೆ ಬರುವುದರಿಂದ ಪದರಗಳೇ ಪಂಚಾಂಗವಾದವು. ೧೯೫೨ರಲ್ಲಿ ಈ ವಿಧಾನವನ್ನು ಅವರು ಪ್ರಕಟಿಸಿದರು. ಇಂದು ಅನೇಕ ಸಸ್ತನಿಗಳ ವಯಸ್ಸನ್ನು ಹಲ್ಲಿನ ಪದರಗಳಿಂದಲೇ ಎಣಿಸುತ್ತಾರೆ.

ವಯಸ್ಸು ತಿಳಿದ ಮೇಲೆ ಸಂತಾನದ ಕಥೆ ಬಿಚ್ಚಿಕೊಂಡಿತು. ಹೆಣ್ಣು ಸೀಲುಗಳು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ದಡವೇರಿ ಮರಿ ಹಾಕುತ್ತವೆ. ತಾವು ಏನನ್ನೂ ತಿನ್ನದೆ ಸುಮಾರು ಮೂರು ವಾರ ಹಾಲೂಡಿಸಿ, ಹೊರಡುವ ಮೊದಲೇ ಮತ್ತೆ ಗರ್ಭ ಧರಿಸುತ್ತವೆ. ಇಲ್ಲಿ ಒಂದು ತೊಡಕಿದೆ. ಭ್ರೂಣ ಬೆಳೆಯಲು ಏಳು ತಿಂಗಳು ಮತ್ತು ಕೆಲವು ದಿನಗಳು ಸಾಕು. ಆದರೆ ಹೆರಿಗೆಯೂ ಕೂಡಿಕೆಯೂ ದಡದ ಅದೇ ಕೆಲವು ವಾರಗಳಲ್ಲಿ ನಡೆಯಬೇಕು. ಅವುಗಳ ನಡುವಿನ ಅಂತರ ಹನ್ನೊಂದು ತಿಂಗಳಿಗೂ ಹೆಚ್ಚು. ಉಳಿದ ನಾಲ್ಕು ತಿಂಗಳನ್ನು ಪ್ರಕೃತಿ ಹೇಗೆ ತುಂಬಿತು? ತೀರ ಸಣ್ಣದಾದ ಭ್ರೂಣವು ಗರ್ಭಾಶಯದ ಗೋಡೆಗೆ ಅಂಟಿಕೊಳ್ಳದೆ, ಹೆಚ್ಚುಕಡಿಮೆ ಬೆಳವಣಿಗೆಯನ್ನು ನಿಲ್ಲಿಸಿ, ಸುಮಾರು ಮಾರ್ಚಿಯವರೆಗೆ ಕಾದಿರುತ್ತದೆ. ಅಷ್ಟರಲ್ಲಿ ತಾಯಿಯು ಕಡಲಿಗಿಳಿದು ಮೈ ತುಂಬಿಕೊಂಡು, ಹಳೆಯ ರೋಮವನ್ನೂ ಉದುರಿಸಿ ಮುಗಿಸುತ್ತದೆ. ಎಷ್ಟು ಜಾಣತನದ ಕಾಲವ್ಯವಸ್ಥೆ!

ದಕ್ಷಿಣ ಜಾರ್ಜಿಯಾದಲ್ಲಿ ಆಗ ಎಣ್ಣೆಗಾಗಿ ಗಂಡು ಸೀಲುಗಳ ಬೇಟೆ ನಡೆಯುತ್ತಿತ್ತು. ಬೇಟೆ ಮಿತಿಮೀರಿದೆಯೆಂದು ಲಾಸ್ ಲೆಕ್ಕ ಹಾಕಿ ತೋರಿಸಿದರು. ಅವರ ಸಲಹೆಯಂತೆ ನಿಯಮಗಳನ್ನು ತಿದ್ದಲಾಯಿತು. ಕೊಂದ ಪ್ರಾಣಿಗಳ ಹಲ್ಲುಗಳನ್ನು ಸಂಗ್ರಹಿಸಿ ಸರಾಸರಿ ವಯಸ್ಸಿನ ಮೇಲೆ ಕಣ್ಣಿಡಲಾಯಿತು. ೧೯೬೪ರಲ್ಲಿ ಬೇಟೆ ನಿಂತಾಗ ಸೀಲುಗಳ ಸಂತತಿ ಕ್ಷೇಮವಾಗಿತ್ತು.

ತಿಮಿಂಗಿಲಗಳಿಗೆ ಈ ಭಾಗ್ಯವಿರಲಿಲ್ಲ. ೧೯೫೩–೫೪ರಲ್ಲಿ ಲಾಸ್ ‘ಬಲೀನಾ’ ಎಂಬ ಬೇಟೆಯ ಕಾರ್ಖಾನೆ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋಗಿ, ಕೊಯ್ದ ಫಿನ್ ತಿಮಿಂಗಿಲಗಳ ಅಂಡಾಶಯಗಳನ್ನು ಪರೀಕ್ಷಿಸಿದರು. ಅಂಡವು ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಕಲೆ ಹೆಚ್ಚಿನ ಸಸ್ತನಿಗಳಲ್ಲಿ ಬೇಗನೆ ಮಾಯುತ್ತದೆ. ತಿಮಿಂಗಿಲದಲ್ಲಿ ಆಯುಷ್ಯವಿಡೀ ಉಳಿಯುತ್ತದೆ. ಕಲೆಗಳನ್ನು ಎಣಿಸಿದರೆ ಆ ತಾಯಿಯಲ್ಲಿ ಎಷ್ಟು ಅಂಡಗಳು ಬಿಡುಗಡೆಯಾದವೆಂಬುದು ತಿಳಿಯುತ್ತದೆ. ಭೌತಶಾಸ್ತ್ರದವನಾದ ನನಗೆ ಇನ್ನೂ ಹಿಡಿಸಿದ್ದು ಅವರ ಭ್ರೂಣದ ಲೆಕ್ಕ. ಭ್ರೂಣದ ತೂಕದ ಘನಮೂಲವನ್ನು ಕಾಲಕ್ಕೆದುರಾಗಿ ಗುರುತಿಸಿದರೆ ಅನೇಕ ಸಸ್ತನಿಗಳಲ್ಲಿ ಸರಳರೇಖೆ ಬರುತ್ತದೆಂದು ೧೯೫೧ರಲ್ಲಿ ಹಗೆಟ್ ಮತ್ತು ವಿಡ್ಡಾಸ್ ತೋರಿಸಿದ್ದರು. ಫಿನ್ ತಿಮಿಂಗಿಲದಲ್ಲಿ ಗರ್ಭದ ಉತ್ತರಾರ್ಧದಲ್ಲಿ ಬೆಳವಣಿಗೆ ಈ ರೇಖೆಯನ್ನು ಮೀರಿ ಧಾವಿಸುತ್ತದೆಂದು ೧೯೫೯ರಲ್ಲಿ ಲಾಸ್ ಕಂಡುಕೊಂಡರು. ಆರು ಮೀಟರಿಗೂ ಉದ್ದದ ಮರಿ ಹನ್ನೊಂದೇ ತಿಂಗಳಲ್ಲಿ ಸಿದ್ಧವಾಗುವ ಗುಟ್ಟು ಇದೇ.

ಆ ಕಾಲದಲ್ಲಿ ಬೇಟೆಯ ಮಿತಿಯನ್ನು ‘ನೀಲಿ ತಿಮಿಂಗಿಲ ಮಾನ’ದಲ್ಲಿ ಅಳೆಯುತ್ತಿದ್ದರು: ಒಂದು ನೀಲಿ ತಿಮಿಂಗಿಲಕ್ಕೆ ಎರಡು ಫಿನ್ ಅಥವಾ ಆರು ಸೇ ತಿಮಿಂಗಿಲ ಸಮ. ಇದು ಎಣ್ಣೆಯ ಅಳತೆಯೇ ಹೊರತು ಜೀವದ ಅಳತೆಯಲ್ಲ. ಇದಕ್ಕಿಂತ ಕೆಟ್ಟ ಮಾನವನ್ನು ನಾನು ಕಂಡಿಲ್ಲ. ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯವಾದದ್ದು ೧೯೮೨ರಲ್ಲಿ, ಜಾರಿಗೆ ಬಂದದ್ದು ೧೯೮೬ರಲ್ಲಿ.

೧೯೬೧ರಲ್ಲಿ ಲಾಸ್ ಉಗಾಂಡಕ್ಕೆ ತೆರಳಿ, ಕಡಲಿನಲ್ಲಿ ಕಲಿತ ವಿದ್ಯೆಯನ್ನು ನೀರಾನೆ ಮತ್ತು ಆನೆಗಳಿಗೆ ಅನ್ವಯಿಸಿದರು. ಆನೆಗಳು ಕಿಕ್ಕಿರಿದಲ್ಲಿ ಹೆಣ್ಣುಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ, ವಿರಳವಾಗಿ ಈಯುತ್ತವೆ ಎಂಬುದು ತಿಳಿದುಬಂತು. ಆದರೆ ಈ ತಿಳಿವಿಗೆ ತೆತ್ತ ಬೆಲೆ ಸಾವು. ಕೀನ್ಯದ ತ್ಸಾವೋದಲ್ಲಿ ಇನ್ನಷ್ಟು ಆನೆಗಳನ್ನು ಕೊಂದು ಪರೀಕ್ಷಿಸಬೇಕೆಂಬ ಅವರ ಸಲಹೆಗೆ ಉದ್ಯಾನದ ಮುಖ್ಯಸ್ಥರು ಒಪ್ಪಲಿಲ್ಲ. ೧೯೬೮ರಲ್ಲಿ ಲಾಸ್ ಹೊರನಡೆದರು. ಮುಂದೆ ೧೯೭೦–೭೧ರ ಬರದಲ್ಲಿ ಅಲ್ಲಿಯೇ ಸಾವಿರಾರು ಆನೆಗಳು ಹಸಿದು ಸತ್ತವು. ಯಾರು ಸರಿಯೆಂಬ ವಾದ ಇನ್ನೂ ಮುಗಿದಿಲ್ಲ. ಹಡಗಿನ ಮೇಲೆ ಆಗಲೇ ಸತ್ತುಬಿದ್ದ ತಿಮಿಂಗಿಲದಿಂದ ಕಲಿಯುವುದೂ ಕಲಿಯಲೆಂದೇ ಕೊಲ್ಲುವುದೂ ಒಂದೇ ಅಲ್ಲವೆಂದು ನನ್ನ ಮನಸ್ಸು ಹೇಳುತ್ತದೆ.

ಲಾಸ್ ೧೯೭೩ರಿಂದ ೧೯೮೭ರವರೆಗೆ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ನಿರ್ದೇಶಕರಾಗಿದ್ದರು. ಈಗ ಸಣ್ಣ ಬಾಣವೊಂದನ್ನು ಹಾರಿಸಿ, ಜೀವಂತ ತಿಮಿಂಗಿಲದ ಚರ್ಮ-ಕೊಬ್ಬಿನ ಚೂರನ್ನು ತೆಗೆದು, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಪ್ರಮಾಣದಿಂದ ಅದು ಗರ್ಭಿಣಿಯೇ ಎಂದು ತಿಳಿಯುತ್ತಾರೆ. ಹಂಪ್‌ಬ್ಯಾಕ್ ತಿಮಿಂಗಿಲದ ವಯಸ್ಸನ್ನು ಚರ್ಮದ ಡಿ.ಎನ್.ಎ.ಯಿಂದ ಅಂದಾಜಿಸುವ ವಿಧಾನ ಪ್ರಕಟವಾದದ್ದು ೨೦೧೪ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಲಾಸ್ ತೀರಿಕೊಂಡರು.