ನೆರೆ ಹಾವಳಿ: ವಾಣಿಜ್ಯ ಕಟ್ಟಡಗಳ ರಕ್ಷಣೆ ಮತ್ತು ನಷ್ಟ ಪರಿಹಾರ

ನೆರೆಯೆಂದರೆ ನದೀ ತೀರದ ಊರುಗಳಿಗೆ ಮಾತ್ರ ಸಂಬಂಧಿಸಿದ ವಿಪತ್ತು ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಬಹುಕಾಲ ಬೇರೂರಿತ್ತು. 2009ರಲ್ಲಿ ಉತ್ತರ ಕರ್ನಾಟಕವನ್ನೂ 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮತ್ತು ಕೊಡಗು ಜಿಲ್ಲೆಗಳನ್ನೂ ಕಾಡಿದ ನೆರೆ ಈ ಭಾವನೆಗೆ ಪುಷ್ಟಿ ನೀಡಿದರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಚೇರಿ ಸಮುಚ್ಚಯಗಳಿಗೆ ನುಗ್ಗಿದ ನೀರು ಅದನ್ನು ಸುಳ್ಳಾಗಿಸಿತು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಜಲರೇಚಕ ಸ್ಥಾವರವೇ ಜಲಾವೃತಗೊಂಡು, ಬೆಂಗಳೂರಿಗೆ ಕಾವೇರಿ ನೀರಿನ ಪೂರೈಕೆ ವ್ಯತ್ಯಯವಾಯಿತು.

ನದಿಯ ನೆರೆಗೂ ನಗರದ ನೆರೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಜಲಾಶಯದಿಂದ ನೀರು ಬಿಡುವ ಮುನ್ನ ನದೀ ಪಾತ್ರದ ಊರುಗಳಿಗೆ ಸಾಮಾನ್ಯವಾಗಿ ಎಚ್ಚರಿಕೆ ದೊರೆಯುತ್ತದೆ. ರಾಜಕಾಲುವೆ ಉಕ್ಕಿ ಬರುವ ನೀರು ರಾತ್ರಿಯ ಕೆಲವೇ ಗಂಟೆಗಳಲ್ಲಿ ಮಳಿಗೆಯನ್ನು ತುಂಬುತ್ತದೆ. ಆದ್ದರಿಂದ ನಗರದ ವರ್ತಕನ ಸಿದ್ಧತೆ ಮಳೆಗಾಲಕ್ಕೆ ಮೊದಲೇ ಮುಗಿದಿರಬೇಕು. ವರ್ತಕನಿಗೆ ಎಷ್ಟು ಪರಿಹಾರ ದೊರೆಯುತ್ತದೆ ಎಂಬುದೂ ಬಹುಮಟ್ಟಿಗೆ ನೀರು ನುಗ್ಗುವ ಮುನ್ನವೇ ತೀರ್ಮಾನವಾಗಿರುತ್ತದೆ.

ಕಟ್ಟಡದ ಸಿದ್ಧತೆ

ಜನರೇಟರ್, ಯು.ಪಿ.ಎಸ್., ಮುಖ್ಯ ವಿದ್ಯುತ್ ಫಲಕ ಇವುಗಳನ್ನು ನೆಲಮಾಳಿಗೆಯಲ್ಲಿ ಇರಿಸುವ ಪದ್ಧತಿ ಅನೇಕ ವಾಣಿಜ್ಯ ಕಟ್ಟಡಗಳಲ್ಲಿದೆ. ನೀರು ಮೊದಲು ಸೇರುವುದೇ ಅಲ್ಲಿಗೆ. ಇವುಗಳನ್ನು ಮೇಲಿನ ಮಟ್ಟಕ್ಕೆ ಸ್ಥಳಾಂತರಿಸುವುದು ಅತ್ಯಂತ ಫಲದಾಯಕ ಕ್ರಮ. ವಿದ್ಯುತ್ ಕಡಿತಗೊಂಡಾಗ ವಿದ್ಯುತ್ ಚಾಲಿತ ಪಂಪು ನಿರುಪಯುಕ್ತವಾಗುವುದರಿಂದ ಡೀಸೆಲ್ ಪಂಪೊಂದು ಸಿದ್ಧವಿರಬೇಕು. ಚರಂಡಿಯ ನೀರು ಹಿಮ್ಮುಖವಾಗಿ ಶೌಚಾಲಯದ ಮೂಲಕ ಒಳನುಗ್ಗದಂತೆ ನಾನ್-ರಿಟರ್ನ್ ವಾಲ್ವ್ ಅಳವಡಿಸಬೇಕು. ದಾಸ್ತಾನನ್ನು ನೆಲಕ್ಕೆ ತಾಗಿಸದೆ ಎತ್ತರದ ಹಲಗೆಗಳ ಮೇಲಿಟ್ಟು, ಬೆಲೆಬಾಳುವ ಸರಕನ್ನು ಮೇಲಿನ ಅಂತಸ್ತಿನಲ್ಲಿ ಇರಿಸುವುದು ಕ್ಷೇಮ. ಲೆಕ್ಕಪತ್ರಗಳ ಗಣಕೀಕೃತ ಪ್ರತಿ ಬೇರೊಂದು ಸ್ಥಳದಲ್ಲಿರಲೇಬೇಕು.

ವಿಮೆಯ ಲೆಕ್ಕಾಚಾರ

ಒಂದೇ ಸ್ಥಳದಲ್ಲಿ ರೂ. 5 ಕೋಟಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದಕ್ಕೆ ಮೇಲ್ಪಟ್ಟು ರೂ. 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಎಂಬ ಪ್ರಮಾಣಿತ ಪಾಲಿಸಿಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಎರಡರಲ್ಲಿಯೂ ನೆರೆಯ ಹಾನಿ ಒಳಗೊಂಡಿದೆ. ಆದರೆ ವಿಮಾ ಮೊತ್ತ ಆಸ್ತಿಯ ನೈಜ ಮೌಲ್ಯಕ್ಕಿಂತ ಕಡಿಮೆಯಿದ್ದರೆ ಪರಿಹಾರವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಶೇ. 15ರವರೆಗಿನ ಕೊರತೆಯನ್ನು ಈ ಪಾಲಿಸಿಗಳಲ್ಲಿ ಗಣಿಸುವುದಿಲ್ಲ.

ಉದಾಹರಣೆಗೆ, ರೂ. 80 ಲಕ್ಷ ಮೌಲ್ಯದ ದಾಸ್ತಾನಿಗೆ ರೂ. 40 ಲಕ್ಷದ ವಿಮೆಯಿದ್ದು, ರೂ. 20 ಲಕ್ಷದ ಸರಕು ಹಾಳಾಯಿತೆನ್ನೋಣ. ವಿಮಾ ಮೊತ್ತದೊಳಗೇ ನಷ್ಟವಿರುವುದರಿಂದ ಪೂರ್ಣ ಪರಿಹಾರ ದೊರೆಯುವುದೆಂದು ವರ್ತಕನು ಭಾವಿಸಬಹುದು. ವಾಸ್ತವದಲ್ಲಿ ದೊರೆಯುವುದು ರೂ. 10 ಲಕ್ಷ ಮಾತ್ರ. ಪಾಲಿಸಿಯಲ್ಲಿನ ಕಡ್ಡಾಯ ಕಡಿತವೂ ಅದರಿಂದ ಕಳೆಯುತ್ತದೆ. ಬ್ಯಾಂಕು ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿದಾಗ ಇಂತಹ ಪ್ರಸಂಗ ಸುಲಭವಾಗಿ ಒದಗುತ್ತದೆ.

ಎಲ್ಲ ಗೋದಾಮುಗಳ ವಿಳಾಸ ಪಾಲಿಸಿಯಲ್ಲಿ ನಮೂದಾಗಿದೆಯೇ, ನೆಲಮಾಳಿಗೆಯ ಸರಕಿಗೆ ಪ್ರತ್ಯೇಕ ಷರತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು. ಬಾಡಿಗೆ ಮಳಿಗೆಯಾದರೆ ಮಾಲೀಕನ ವಿಮೆ ಬಾಡಿಗೆದಾರನ ಪೀಠೋಪಕರಣ ಹಾಗೂ ಸರಕಿಗೆ ಅನ್ವಯಿಸದು. ವ್ಯಾಪಾರ ಸ್ಥಗಿತಗೊಂಡ ಅವಧಿಯ ಲಾಭನಷ್ಟಕ್ಕೂ ಪ್ರತ್ಯೇಕ ಪಾಲಿಸಿ ಬೇಕು.

ನೀರು ಇಳಿದ ನಂತರ

ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಪರೀಕ್ಷಿಸುವವರೆಗೆ ಸ್ವಿಚ್ಚನ್ನಾಗಲಿ ಯಂತ್ರವನ್ನಾಗಲಿ ಚಾಲನೆ ಮಾಡಬಾರದು. ಹೊರಗಿನ ಮಣ್ಣು ಇನ್ನೂ ನೀರಿನಿಂದ ತುಂಬಿರುವಾಗ ನೆಲಮಾಳಿಗೆಯ ನೀರನ್ನು ಒಮ್ಮೆಲೇ ಖಾಲಿ ಮಾಡಿದರೆ, ಹೊರಗಿನ ಒತ್ತಡಕ್ಕೆ ಗೋಡೆ ಬಿರಿಯುವ ಅಪಾಯವಿದೆ; ಹಂತಹಂತವಾಗಿ ಹೊರಹಾಕಬೇಕು. ಒಂದೆರಡು ದಿನಗಳಲ್ಲೇ ಬೂಷ್ಟು ಹಿಡಿಯುವುದರಿಂದ ಗಾಳಿಯಾಡಿಸುವ ಕೆಲಸ ತಡವಾಗಬಾರದು. ತೊಯ್ದ ಮುಖ್ಯ ದಾಖಲೆಗಳನ್ನು ತಕ್ಷಣ ಒಣಗಿಸಲಾಗದಿದ್ದರೆ ಘನೀಕರಿಸಿ ಇಡುವುದರಿಂದ ಬೂಷ್ಟನ್ನು ತಡೆಯಬಹುದು.

ವಿಮಾ ಕಂಪನಿಗೆ ಕೂಡಲೇ ಲಿಖಿತ ಸೂಚನೆ ನೀಡಿ, ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ ಛಾಯಾಚಿತ್ರ ತೆಗೆಸಬೇಕು. ಸರ್ವೇಯರ್ ಪರಿಶೀಲಿಸುವ ಮುನ್ನ ಹಾಳಾದ ಸರಕನ್ನು ಎಸೆಯಬಾರದು. ಹಾಗೆಂದು ಉಳಿಸಬಹುದಾದ ಸರಕನ್ನು ನೀರಿನಲ್ಲೇ ಬಿಡುವುದೂ ಸಲ್ಲ. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆದಾರನ ಹೊಣೆಯೇ ಆಗಿದೆ.

ತೆರಿಗೆಯ ಪರಿಣಾಮ

ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)(ಎಚ್) ಪ್ರಕಾರ ಹಿಂತಿರುಗಿಸಬೇಕು. ಮೇಲಿನ ಉದಾಹರಣೆಯಲ್ಲಿ ದರ ಶೇ. 18 ಇದ್ದು, ಸರಕು ಸಂಪೂರ್ಣ ನಾಶವಾಗಿದ್ದರೆ, ರೂ. 3.60 ಲಕ್ಷದ ಹೆಚ್ಚುವರಿ ಹೊರೆ ಬೀಳುತ್ತದೆ. ಹೀಗೆ ವರ್ತಕನ ಕೈಬಿಡುವ ಮೊತ್ತ ರೂ. 13.60 ಲಕ್ಷ. ದಾಸ್ತಾನಿನ ವಿಮಾ ಮೌಲ್ಯದಲ್ಲಿ ತೆರಿಗೆಯನ್ನೂ ಸೇರಿಸುವ ಬಗ್ಗೆ ಕಂಪನಿಯೊಡನೆ ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳುವುದು ಇದಕ್ಕೆ ಪರಿಹಾರ. ಕಡಿಮೆ ಬೆಲೆಗಾದರೂ ಮಾರಬಲ್ಲ ಸರಕನ್ನು ನಾಶವಾದ ಸರಕಿನಿಂದ ಬೇರ್ಪಡಿಸಿ, ಪ್ರತ್ಯೇಕ ಪಟ್ಟಿ ಮಾಡಿ, ತೆರಿಗೆ ಬೀಜಕದ ಮೂಲಕವೇ ವಿಲೇವಾರಿ ಮಾಡಬೇಕು.

ಆದಾಯ ತೆರಿಗೆಯಲ್ಲಿ ದಾಸ್ತಾನಿನ ನಷ್ಟ ವ್ಯಾಪಾರ ನಷ್ಟವೆಂದೂ ಅದಕ್ಕೆ ಬಂದ ವಿಮಾ ಪರಿಹಾರ ವ್ಯಾಪಾರದ ಆದಾಯವೆಂದೂ ಪರಿಗಣಿತವಾಗುತ್ತವೆ. ಕಟ್ಟಡ, ಯಂತ್ರಗಳಂತಹ ಬಂಡವಾಳ ಆಸ್ತಿ ನಾಶವಾಗಿ ಬಂದ ಪರಿಹಾರವು, ಅದು ಕೈಸೇರಿದ ವರ್ಷದಲ್ಲಿ, ಬಂಡವಾಳ ಲಾಭದ ನಿಯಮಗಳಿಗೆ ಒಳಪಡುತ್ತದೆ.

ವರ್ತಕರು ಮುಂಗಾರಿಗೆ ಮುನ್ನ ತಮ್ಮ ಪಾಲಿಸಿಯನ್ನು, ಇತ್ತೀಚಿನ ದಾಸ್ತಾನು ಪಟ್ಟಿಯನ್ನು ಮತ್ತು ಗೋದಾಮುಗಳ ವಿಳಾಸವನ್ನು ಒಟ್ಟಿಗಿಟ್ಟು ತಾಳೆ ನೋಡುವುದು ಒಳಿತು. ಇದಕ್ಕೆ ಒಂದು ದಿನದ ಶ್ರಮ ಸಾಕು.