ಸೀರಿಯಲ್ ಸೆಟ್ ಅರ್ಧಕ್ಕೇ ಆರಿತೇ?

ನೀರು ತುಂಬುವ ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ರಟ್ಟಿನ ಡಬ್ಬ ಕೆಳಗಿಳಿಯುತ್ತದೆ. ಹಣತೆಗಳ ಜೊತೆಗೆ ಹೋದ ವರ್ಷದ ಸೀರಿಯಲ್ ಸೆಟ್ಟೂ ಹೊರಬರುತ್ತದೆ. ಪ್ಲಗ್ ಹಾಕಿದರೆ ಅರ್ಧ ಜಗಮಗ, ಇನ್ನರ್ಧ ಕತ್ತಲೆ! "ಬಿಸಾಕಿ, ಹೊಸದು ತಂದರಾಯ್ತು" ಎನ್ನುತ್ತಾರೆ ಯಜಮಾನರು. "ಕೆಟ್ಟಿರೋ ಬಲ್ಬು ಕತ್ತರಿಸಿ ವೈರು ಸುತ್ತಿಬಿಡ್ತೀನಮ್ಮ" ಎನ್ನುತ್ತಾನೆ ಮಗರಾಯ. ಮೊದಲನೆಯದು ದುಂದು, ಎರಡನೆಯದು ಅಪಾಯ.

ಹೇಗೆ ಅಂತೀರಾ? ಮನೆಗೆ ಬರುವ ಕರೆಂಟು ೨೩೦ ವೋಲ್ಟ್. ಪುಟ್ಟ ಎಲ್‌ಇಡಿಗೆ ಬೇಕಾದದ್ದಾದರೋ ಕೆಂಪಾದರೆ ಸುಮಾರು ೨ ವೋಲ್ಟ್, ನೀಲಿ ಅಥವಾ ಬಿಳಿಯಾದರೆ ಸುಮಾರು ೩. ಆದ್ದರಿಂದ ಹತ್ತಾರು ಬಲ್ಬುಗಳನ್ನು ಹೂಮಾಲೆಯಂತೆ ಒಂದರ ಹಿಂದೊಂದು ಪೋಣಿಸಿ ವೋಲ್ಟನ್ನು ಹಂಚಿರುತ್ತಾರೆ. ಒಂದು ಕೆಟ್ಟರೆ ಆ ಸಾಲೆಲ್ಲ ಕತ್ತಲೆ. ಅದನ್ನು ಕತ್ತರಿಸಿ ವೈರು ಸೇರಿಸಿದರೆ ಅದರ ಪಾಲಿನ ಹೊರೆ ಉಳಿದವುಗಳ ತಲೆಗೆ ಬಿದ್ದು ಅವೂ ಬೇಗ ಸುಟ್ಟುಹೋಗುತ್ತವೆ. ಮೇಲಾಗಿ ಅಗ್ಗದ ಎಷ್ಟೋ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಬಲ್ಬು ಪುಟ್ಟದಾದರೂ ವೈರಿನಲ್ಲಿ ಹರಿಯುವುದು ಮನೆಯ ಕರೆಂಟೇ! ಸುತ್ತಿದ ಬರಿ ತಂತಿ ಕಿಟಕಿಯ ಕಂಬಿಗೆ ತಾಗಿತು, ಅಂಗಳಕ್ಕೆ ನೀರು ಹಾಕಿದ ಒದ್ದೆ ಕೈಯಲ್ಲಿ ಯಾರೋ ಕಂಬಿ ಹಿಡಿದರು ಎಂದಿಟ್ಟುಕೊಳ್ಳಿ. ಹಬ್ಬದ ಮನೆಯಲ್ಲಿ ಆಗಬಾರದ್ದು ಆಗಿಹೋಗುತ್ತದೆ.

ಹಾಗಾದರೆ ಸರಿಪಡಿಸುವುದು ಹೇಗೆ?

ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ವೈರಿಂಗ್ ತಿರುಗುಮುರುಗಾಗಿದ್ದರೆ ಸ್ವಿಚ್ ಆರಿದ್ದರೂ ಕರೆಂಟು ಇರುತ್ತದೆ. ಬಲ್ಬು ಹೋಲ್ಡರಿನಿಂದ ಬಿಡಿಸಲು ಬರುವಂಥದಾದರೆ ಕತ್ತಲಾದ ಸಾಲಿನವನ್ನು ಒಂದೊಂದಾಗಿ ನೇರವಾಗಿ ಎಳೆದು ನೋಡಿ. ಎಷ್ಟೋ ಸಲ ಬಲ್ಬು ಚೆನ್ನಾಗಿಯೇ ಇದ್ದು ಕಾಲುಗಳಿಗೆ ತುಕ್ಕು ಹಿಡಿದಿರುತ್ತದೆ. ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಅನುಮಾನವಿದ್ದರೆ ನಾಣ್ಯದಂಥ ೩ ವೋಲ್ಟ್ ಸೆಲ್ಲಿನ ಎರಡು ಮೈಗೂ ಬಲ್ಬಿನ ಎರಡು ಕಾಲು ತಾಗಿಸಿ. ಉರಿಯದಿದ್ದರೆ ತಿರುಗಿಸಿ ಹಿಡಿಯಿರಿ. ಎರಡೂ ಕಡೆ ಉರಿಯದಿದ್ದರೆ ಅದೇ ಕೆಟ್ಟದ್ದು. (ಈ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಪ್ರಾಣಕ್ಕೇ ಕುತ್ತು.)

ಬದಲಿಗೆ ಅದೇ ಬಣ್ಣದ, ಅದೇ ಬಗೆಯ ಬಲ್ಬನ್ನೇ ಹಾಕಿ. ಪ್ಯಾಕೆಟ್ಟಿನಲ್ಲಿ ಬಂದ ಒಂದೆರಡು ಹೆಚ್ಚಿನ ಬಲ್ಬುಗಳನ್ನು ಎತ್ತಿಟ್ಟಿದ್ದರೆ ಈಗ ಉಪಯೋಗಕ್ಕೆ ಬರುತ್ತವೆ. ಎಲ್‌ಇಡಿಗೆ ದಿಕ್ಕು ಉಂಟು; ಹಳೆಯದು ಇದ್ದ ಹಾಗೆಯೇ ಕೂರಿಸಬೇಕು. ತಿರುಗಾಮುರುಗಾ ಆದರೆ ಇಡೀ ಸಾಲು ಉರಿಯದು.

ಬಲ್ಬು ಬೆಸುಗೆ ಹಾಕಿ ಮುಚ್ಚಿದ್ದಾದರೆ ಎಲೆಕ್ಟ್ರಿಕ್ ಅಂಗಡಿಯವರಿಗೆ ಕೊಡಿ. ಮಿನುಗಿಸುವ ಪೆಟ್ಟಿಗೆಯನ್ನು ಬಿಚ್ಚುವ ಸಾಹಸ ಬೇಡ. ವೈರಿನ ಹೊದಿಕೆ ಬಿರಿದಿದ್ದರೆ, ಇಲಿ ಕಡಿದಿದ್ದರೆ, ಆ ಸೆಟ್ಟಿನ ಆಸೆ ಬಿಟ್ಟು ಹೊಸದನ್ನೇ ತನ್ನಿ. ಅಲ್ಲಿ ಉಳಿತಾಯದ ಮಾತು ಬೇಡ.

ಹಬ್ಬ ಮುಗಿದ ಮೇಲೆ ಸರವನ್ನು ಉಂಡೆ ಕಟ್ಟಿ ತುರುಕಬೇಡಿ. ಒಂದು ರಟ್ಟಿಗೆ ಸಡಿಲವಾಗಿ ಸುತ್ತಿ, ತೇವ ತಾಗದ ಕಡೆ ಇಡಿ. ಮುಂದಿನ ವರ್ಷ ಹಬ್ಬಕ್ಕೆ ವಾರ ಮೊದಲೇ ತೆಗೆದು ನೋಡಿದರೆ, ಕಜ್ಜಾಯದ ಬಾಣಲೆ ಒಲೆಯ ಮೇಲಿರುವಾಗ ಬಲ್ಬು ಹುಡುಕುವ ಪಾಡು ತಪ್ಪುತ್ತದೆ.