ಕಲ್ಯಾಣದ ಬಯಲಿನಲ್ಲಿ ಸೂರ್ಯನ ದನಿ
ರೇಡಿಯೋ ವಿಜ್ಞಾನಿ ಗೋವಿಂದ ಸ್ವರೂಪರ ಜೀವನಸಾಧನೆ

ಮುಂಬಯಿಯಲ್ಲಿ ದುಡಿಯುವ ನಮಗೆ ಕಲ್ಯಾಣವೆಂದರೆ ಗಾಡಿ ಬದಲಿಸುವ ಜಂಕ್ಷನ್. ಕಡಿಮೆ ಬಾಡಿಗೆಯ ಖೋಲಿಯನ್ನು ಅರಸಿ ಜನರು ಹೋಗಿ ನೆಲೆಸಿದ ಊರು. ನಸುಕಿನ ಲೋಕಲಿಗೆ ಓಡುವ ಗುಮಾಸ್ತರಿಗಾಗಲಿ, ಹೋಟೆಲಿನ ಬಾಗಿಲು ಮುಚ್ಚಿ ಕೊನೆಯ ಗಾಡಿಗೆ ಮರಳುವ ಕೆಲಸಗಾರರಿಗಾಗಲಿ ತಲೆಯೆತ್ತಿ ಆಕಾಶವನ್ನು ನೋಡುವ ವ್ಯವಧಾನವೆಲ್ಲಿ? ಆದರೆ 1965ರಲ್ಲಿ ಇದೇ ಕಲ್ಯಾಣದ ಬಯಲಿನಲ್ಲಿ ಲೋಹದ ಬಟ್ಟಲುಗಳ ಸಾಲೊಂದು ಸೂರ್ಯನ ಕಡೆಗೆ ಮುಖಮಾಡಿ ನಿಂತಿತ್ತೆಂಬುದನ್ನು ನಮ್ಮಲ್ಲಿ ಹಲವರು ಅರಿಯರು. ಅದನ್ನು ನಿಲ್ಲಿಸಿದವರು ಗೋವಿಂದ ಸ್ವರೂಪರು. ಭಾರತದ ರೇಡಿಯೋ ಖಗೋಲವಿಜ್ಞಾನದ ದೊಡ್ಡ ಅಧ್ಯಾಯವು ಅಲ್ಲಿಂದಲೇ ಆರಂಭವಾಯಿತು.

ಆಕಾಶದ ಎರಡು ಗುಣಗಳು

ಒಂದು ಕಾಲಕ್ಕೆ ನಮ್ಮ ಹೋಟೆಲುಗಳ ಗಲ್ಲೆಯ ಬಳಿ ಇರುತ್ತಿದ್ದ ರೇಡಿಯೋ ಪೆಟ್ಟಿಗೆಯಲ್ಲಿ ಸಿಲೋನಿನ ಹಾಡುಗಳು ಕೇಳಿಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಸಮುದ್ರದಾಚೆಯ ದನಿ ಮುಂಬಯಿಗೆ ಬಂದುದು ಹೇಗೆ? ಭೂಮಿಯಿಂದ ಸುಮಾರು ಅರುವತ್ತು ಮೈಲು ಎತ್ತರದಲ್ಲಿಯೂ ಅದರಾಚೆಗೂ ವಾಯುವಿನ ಕಣಗಳು ಸೂರ್ಯನ ಪ್ರಖರ ಕಿರಣಗಳಿಂದ ಒಡೆದು ವಿದ್ಯುತ್ತನ್ನು ತಳೆದಿರುತ್ತವೆ. ಅಯಾನುಗೋಲವೆಂಬ ಈ ಪದರವು ಕಿರುತರಂಗಗಳನ್ನು ಕನ್ನಡಿಯಂತೆ ಕೆಳಕ್ಕೆ ಮರಳಿಸುತ್ತದೆ. ಸೂರ್ಯನಲ್ಲಿ ಭಾರಿ ಸ್ಫೋಟವಾದಾಗ ಅದರ ಕೆಳಪದರವು ಬಲಿತು ತರಂಗಗಳನ್ನು ನುಂಗುತ್ತದೆ. ಹಗಲಿನಲ್ಲಿ ದೂರದ ಕೇಂದ್ರಗಳ ದನಿ ಒಮ್ಮೆಲೆ ಅಡಗುತ್ತದೆ.

ಆದರೆ ಇನ್ನೂ ಹೆಚ್ಚಿನ ಆವರ್ತಾಂಕದ ತರಂಗಗಳನ್ನು ಈ ಪದರವು ತಡೆಯಲಾರದು. ಅವು ಹೊರಕ್ಕೂ ಹೋಗುತ್ತವೆ, ಹೊರಗಿನಿಂದ ಒಳಕ್ಕೂ ಬರುತ್ತವೆ. ಆಕಾಶಗಂಗೆಯಿಂದ ಅಂತಹ ತರಂಗಗಳು ಬರುತ್ತಿವೆಯೆಂಬುದನ್ನು ಅಮೆರಿಕೆಯ ಕಾರ್ಲ್ ಜಾನ್ಸ್ಕಿಯು 1930ರ ದಶಕದ ಮೊದಲಲ್ಲಿ ಕಂಡುಹಿಡಿದನು. ಕಣ್ಣಿಗೆ ಕಾಣದ ಈ ಬೆಳಕಿನಿಂದ ಆಕಾಶವನ್ನು ಓದುವ ವಿದ್ಯೆಯೇ ರೇಡಿಯೋ ಖಗೋಲವಿಜ್ಞಾನ.

ಬೇಡವಾದ ಬಟ್ಟಲುಗಳು

ಸ್ವರೂಪರು 1929ರಲ್ಲಿ ಉತ್ತರಪ್ರದೇಶದ ಠಾಕುರದ್ವಾರದಲ್ಲಿ ಜನಿಸಿದರು. ಅಲಹಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ, ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆ. ಎಸ್. ಕೃಷ್ಣನ್ ಅವರ ಕೈಕೆಳಗೆ ದುಡಿದರು. 1953ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಪಾಸೆಯವರ ತಂಡವನ್ನು ಸೇರಿದರು. ಸಿಡ್ನಿಯ ಬಳಿ ಪಾಟ್ಸ್ ಹಿಲ್ಲಿನಲ್ಲಿ ಆರು ಅಡಿ ಅಗಲದ ಮೂವತ್ತೆರಡು ಬಟ್ಟಲುಗಳು ಸೂರ್ಯನನ್ನು ಅಳೆಯುತ್ತಿದ್ದವು. ಹೊಸ ಉಪಕರಣವು ಬರುತ್ತಿದ್ದುದರಿಂದ ಅವು ಅಲ್ಲಿಯವರಿಗೆ ಬೇಡವಾದವು. ಸ್ವರೂಪರು ಅವನ್ನು ಭಾರತಕ್ಕೆ ಕೊಡಿರೆಂದು ಕೇಳಿದರು, ಅವರೂ ಒಪ್ಪಿದರು.

ಆದರೆ ಹಡಗಿನ ಸಾಗಣೆಯ ವೆಚ್ಚದ ವಿಷಯದಲ್ಲಿ ಕಾಗದಪತ್ರಗಳು ಓಡಾಡಿ ಕಾರ್ಯವು ತಡವಾಯಿತು. ಕಾದು ಬೇಸತ್ತ ತರುಣ ವಿಜ್ಞಾನಿ 1956ರಲ್ಲಿ ಅಮೆರಿಕೆಗೆ ಹೊರಟರು. ಟೆಕ್ಸಾಸಿನ ಫೋರ್ಟ್ ಡೇವಿಸಿನಲ್ಲಿ ಸೂರ್ಯಸ್ಫೋಟಗಳನ್ನು ಗಮನಿಸುತ್ತ, ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗಾಗಿಸಿದಂತೆ ಆವರ್ತಾಂಕವು ಇಳಿಯುವ ಬದಲು ತಿರುಗಿ ಏರುವ ಹೊಸ ಬಗೆಯ ಸ್ಫೋಟವನ್ನು ಗುರುತಿಸಿದರು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಬ್ರೇಸ್‌ವೆಲ್ ಅವರ ಶಿಷ್ಯರಾಗಿ 1961ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಅಧ್ಯಾಪಕರಾದರು.

ಭಾಭಾ ಅವರ ತಂತಿ

ಕೆಲಸವುಂಟು, ಗೌರವವುಂಟು, ಸಂಬಳವುಂಟು. ಪರಸ್ಥಳದಲ್ಲಿ ನೆಲೆಯೂರಿದವನಿಗೆ ಮರಳುವ ಮಾತು ಎಷ್ಟು ಭಾರವಾದುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ 1961ರಲ್ಲಿ ಸ್ವರೂಪ, ಟಿ. ಕೆ. ಮೆನನ್, ಎಂ. ಆರ್. ಕುಂಡು, ಟಿ. ಕೃಷ್ಣನ್ ಎಂಬ ನಾಲ್ವರು ಸೇರಿ, ಭಾರತದಲ್ಲಿ ರೇಡಿಯೋ ಖಗೋಲವಿಜ್ಞಾನವನ್ನು ಕಟ್ಟಲು ತಾವು ಸಿದ್ಧರೆಂದು ದೇಶದ ವಿಜ್ಞಾನ ಪ್ರಮುಖರಿಗೆ ಬರೆದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹೋಮಿ ಭಾಭಾ ಅವರು 1962ರ ಜನವರಿಯಲ್ಲಿ ತಂತಿಯ ಮೂಲಕ ಒಪ್ಪಿಗೆಯನ್ನು ತಿಳಿಸಿದರು. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅದೇ ವರ್ಷ ಮುಂಬಯಿಗೆ ವಲಸೆ ಬಂದ ಸಂಸ್ಥೆ ಅದು. ಹೀಗೆ ಅದೂ ನಮ್ಮಂತೆಯೇ!

1963ರಲ್ಲಿ ಸ್ವರೂಪರು ಮುಂಬಯಿಗೆ ಬಂದರು. ಸಿಡ್ನಿಯಿಂದ ದಿಲ್ಲಿಗೆ ಬಂದು ಉಪಯೋಗವಿಲ್ಲದೆ ಬಿದ್ದಿದ್ದ ಆ ಬಟ್ಟಲುಗಳನ್ನು ತರಿಸಿಕೊಂಡರು. ಹೊಸದಾಗಿ ಸೇರಿದ ತರುಣರೊಡನೆ ಕಲ್ಯಾಣದಲ್ಲಿ ಇಪ್ಪತ್ತನಾಲ್ಕು ಬಟ್ಟಲುಗಳನ್ನು ಪೂರ್ವಪಶ್ಚಿಮವಾಗಿ 630 ಮೀಟರು ಉದ್ದಕ್ಕೆ, ಎಂಟನ್ನು ಉತ್ತರದಕ್ಷಿಣವಾಗಿ ನೆಟ್ಟರು. 610 ಮೆಗಾಸೈಕಲ್ಲಿನ ತರಂಗಗಳಲ್ಲಿ ಸೂರ್ಯನ ಹೊರ ಆವರಣವನ್ನು ಅಳೆದರು. ಪಳಗದ ಕೈಗಳು ಪಳಗಿದುದು ಅಲ್ಲಿಯೇ.

ಗುಡ್ಡದ ಇಳಿಜಾರು, ತಂತಿಯ ಬಲೆ

ಮುಂದಿನ ಯೋಜನೆಯಲ್ಲಿ ಅವರ ಜಾಣ್ಮೆಯು ಪೂರ್ಣವಾಗಿ ಬೆಳಗಿತು. ಉದಕಮಂಡಲದ ಬಳಿ, ಅಲ್ಲಿಯ ಅಕ್ಷಾಂಶಕ್ಕೆ ಸಮನಾಗಿ ಸುಮಾರು ಹನ್ನೊಂದು ಅಂಶ ಓರೆಯಾದ ಗುಡ್ಡವೊಂದನ್ನು ಹುಡುಕಿ, ಅದರ ಇಳಿಜಾರಿನ ಮೇಲೆ 530 ಮೀಟರು ಉದ್ದ, 30 ಮೀಟರು ಅಗಲದ ದೂರದರ್ಶಕವನ್ನು ಕಟ್ಟಿದರು. ಅದರ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾದುದರಿಂದ, ಮಗ್ಗುಲು ತಿರುಗಿಸುತ್ತಿದ್ದರೆ ಸಾಕು, ಒಂದು ತಾರೆಯನ್ನು ಒಂಬತ್ತು ತಾಸಿಗೂ ಹೆಚ್ಚು ಹಿಂಬಾಲಿಸಬಹುದು. 1970ರಲ್ಲಿ ಅದು ಸಿದ್ಧವಾಯಿತು. 1966ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಭಾಭಾ ಅವರು ಅದನ್ನು ಕಾಣಲಿಲ್ಲ. ಚಂದ್ರನು ದೂರದ ಆಕರಗಳನ್ನು ಮರೆಮಾಡುವ ಕ್ಷಣವನ್ನು ಅಳೆದು ಸ್ವರೂಪರ ತಂಡವು ನೂರಾರು ಆಕರಗಳ ಗಾತ್ರವನ್ನು ನಿರ್ಣಯಿಸಿತು.

ಬಳಿಕ ಪುಣೆ ಜಿಲ್ಲೆಯ ನಾರಾಯಣಗಾಂವದ ಬಳಿಯ ಖೋಡದದಲ್ಲಿ, ಒಂದೊಂದೂ 45 ಮೀಟರು ಅಗಲದ ಮೂವತ್ತು ಬಟ್ಟಲುಗಳು ಎದ್ದವು. ಇಡಿಯ ತಗಡಿನ ಬದಲು ಉಕ್ಕಿನ ಸಣ್ಣ ತಂತಿಯ ಬಲೆಯನ್ನು ಹಗ್ಗಗಳ ಮೇಲೆ ಬಿಗಿದದ್ದರಿಂದ ಗಾಳಿಯ ಒತ್ತಡವೂ ತೂಕವೂ ಖರ್ಚೂ ತಗ್ಗಿದವು. ಇಂದು ಲೋಕದ ನಾನಾ ದೇಶಗಳ ವಿಜ್ಞಾನಿಗಳು ಅಲ್ಲಿ ವೀಕ್ಷಣೆಯ ಸಮಯವನ್ನು ಕೇಳುತ್ತಾರೆ. ಕನ್ನಡನಾಡಿಗೂ ಈ ವಿದ್ಯೆಯ ನಂಟುಂಟು: ಗೌರಿಬಿದನೂರಿನಲ್ಲಿ ಸಾವಿರ ಕಂಬಿಗಳ ಉಪಕರಣವೊಂದು 1970ರ ದಶಕದಲ್ಲಿ 34.5 ಮೆಗಾಸೈಕಲ್ಲಿನಲ್ಲಿ ಆಕಾಶದ ನಕ್ಷೆಯನ್ನು ತೆಗೆಯತೊಡಗಿತು. ಅಯಾನುಗೋಲದ ಉಪಟಳವು ಅಷ್ಟು ಕೆಳಗಿನ ತರಂಗಗಳಿಗೆ ಹೆಚ್ಚು. ಆದುದರಿಂದ ಆ ಕೆಲಸಕ್ಕೆ ತಾಳ್ಮೆಯೂ ಹೆಚ್ಚು ಬೇಕು.

1973ರಲ್ಲಿ ಪದ್ಮಶ್ರೀಯನ್ನೂ, 1991ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಪಡೆದ ಸ್ವರೂಪರು 2020ರ ಸೆಪ್ಟೆಂಬರ್ 7ರಂದು ಪುಣೆಯಲ್ಲಿ ನಿಧನರಾದರು.

ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹುಡುಗರ ಪರಂಪರೆ ಈ ನಗರದಲ್ಲಿ ದೊಡ್ಡದು. ಪರರು ಬಿಸಾಡಲಿದ್ದ ಬಟ್ಟಲುಗಳಿಂದ ಆರಂಭಿಸಿದವರ ಈ ಕಥೆಯನ್ನು ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಬೇಕು. ವಿಜ್ಞಾನವು ಉಳ್ಳವರ ಸೊತ್ತೆಂಬ ಅಂಜಿಕೆಯು ಅವರ ಮನಸ್ಸಿನಿಂದ ಅಳಿಯಲಿ ಎಂಬುದೇ ನಮ್ಮ ಹಾರೈಕೆ.